ಕರೆಂಟ್ ಹೋಗಿ ಬಂದಾಗೆಲ್ಲ ನೆಟ್ ಹೋಗುವ ಆಫೀಸು

“ಸರ, ಟ್ಯಾಲಿ ತಾರೀಕು ತಗೊಳ್ಳವಲ್ದು ನೋಡ್ರಿ. ಒಂದು, ಎರಡು ಹೊಡದ್ರ ತಗೊಂತದ. ಹದಿನಾಲ್ಕು ಹೊಡದ್ರ ಒಲ್ಲೆ ಅಂತದ.”

ಫೋನ್ ಮಾಡಿದವರು ರಾಯಚೂರಿನ ಹೊರವಲಯದಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಲೆಕ್ಕದ ಗುಮಾಸ್ತರು. ಹತ್ತಿ ಸೀಸನ್ ಏರಿದ ಹೊತ್ತು. ಮಾನ್ವಿ, ಸಿರವಾರ, ದೇವದುರ್ಗ ಕಡೆಯ ಗಾಡಿಗಳು ಮಾರುಕಟ್ಟೆ ಇರುವ ರಾಜೇಂದ್ರ ಗಂಜ್‌ನಿಂದ ಹಿಡಿದು ಮಿಲ್ಲುಗಳ ಗೇಟಿನ ತನಕ ಸಾಲು ಹಚ್ಚಿರುತ್ತವೆ. ಆ ದಿನಗಳಲ್ಲಿ ಯಾವ ಮಿಲ್ಲಿನಿಂದ ಫೋನ್ ಬಂದರೂ ‘ಈಗಿಂದೀಗ ಬರ್ರಿ’ ಅಂತಲೇ ಬರುತ್ತದೆ.

ಗುಮಾಸ್ತರ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಲೈಸೆನ್ಸ್ ಸಿಗದಿದ್ದರೆ ಟ್ಯಾಲಿ, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್, ಎಜುಕೇಶನಲ್ ಮೋಡ್‌ನಲ್ಲಿ ತೆರೆಯುತ್ತದೆ. ಆಗ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ. ಆ ಆಫೀಸಿನಲ್ಲಿ ಲೈಸೆನ್ಸ್ ಇರುವುದು ಸರ್ವರ್ ಅಂತ ಕರೆಯುವ ಒಂದು ಕಂಪ್ಯೂಟರಿನಲ್ಲಿ. ಉಳಿದವು ನೆಟ್‌ವರ್ಕ್ ಮೂಲಕ ಅದನ್ನು ಕೇಳಿ ಪಡೆಯುತ್ತವೆ. ಅಂದರೆ ಟ್ಯಾಲಿಗೆ ಏನೂ ಆಗಿಲ್ಲ, ಗುಮಾಸ್ತರ ಕಂಪ್ಯೂಟರಿಗೆ ಸರ್ವರ್ ಕಾಣುತ್ತಿಲ್ಲ.

“ಇಂಟರ್ನೆಟ್ ಬರ್ತದೇನ್ರಿ?” ಅಂದೆ.

“ಅದೂ ಇಲ್ರಿ. ಇ-ವೇ ಬಿಲ್ ಆಗವಲ್ದು, ಲಾರಿ ಗೇಟಿನಾಗ ನಿಂತದ. ಡ್ರೈವರ್ ತಲಿ ತಿನ್ನಕತ್ಯಾನ.”

50,000 ರೂಪಾಯಿ ಮೀರಿದ ಮಾಲು ಹೊರಡಬೇಕೆಂದರೆ ಇ-ವೇ ಬಿಲ್ ಬೇಕು. 170 ಕೆಜಿಯ ಬೇಲುಗಳನ್ನು ಒಟ್ಟಿದ ಲಾರಿಯ ಮಾಲು ಲಕ್ಷಗಟ್ಟಲೆ ಬಾಳುತ್ತದೆ. ಸದ್ಯಕ್ಕೆ ಯಾರದ್ದಾದರೂ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಬಿಲ್ ತೆಗೆದು ಲಾರಿ ಕಳಿಸ್ರಿ, ನಾನು ಬರುವ ತನಕ ಒಂದೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಡ್ರಿ ಅಂತ ಹೇಳಿ ಗಾಡಿ ಹತ್ತಿದೆ.

ರೀಸ್ಟಾರ್ಟ್ ಬೇಡ ಅಂದದ್ದಕ್ಕೆ ಕಾರಣ ಇದೆ. ಆಫೀಸುಗಳಲ್ಲಿ ಏನೇ ಕೆಟ್ಟರೂ ಮೊದಲ ಮದ್ದು ಅದೇ, ಮತ್ತು ಸುಮಾರು ಸಲ ಅದು ನಡೆದೂಬಿಡುತ್ತದೆ. ಆದರೆ ಕೆಟ್ಟಾಗ ಕಂಪ್ಯೂಟರ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದು ಅದರ ಜೊತೆಗೇ ಅಳಿಸಿ ಹೋಗುತ್ತದೆ. ನಾವು ಹೋದಾಗ ಎಲ್ಲ ಸರಿ ಇರುತ್ತದೆ, ಚಹಾ ಕುಡಿದು ಬರುತ್ತೇವೆ, ಮರುದಿನ ಮತ್ತೆ ಫೋನು.

ಮಿಲ್ಲು ತಲುಪಿದಾಗ ಅಲ್ಲಿ ಆಗಲೇ ಮೂರು ವಾದ ತಯಾರಿದ್ದವು. ಸಾವ್ಕಾರರು ನೆಟ್ ಕಂಪನಿಯವರನ್ನು ಬೈಯುತ್ತಿದ್ದರು. ಎಲೆಕ್ಟ್ರಿಷಿಯನ್ ಪ್ರಕಾರ ಮೇಲಿನ ಫಾಲ್ಸ್ ಸೀಲಿಂಗಿನಲ್ಲಿ ಇಲಿ ಕೇಬಲ್ ಕಡಿದಿವೆ. ಗುಮಾಸ್ತರದು ಬೇರೆ: “ನಂದು ಕೇಳ್ರಿ. ಕರೆಂಟ್ ಹೋಗಿ ಬಂತು ಅಂದ್ರ ಹಿಂಗ ಆಗ್ತದ. ದಿನಾ ನೋಡ್ತೀನಿ ನಾನು.” ಎಲ್ಲರೂ ನಕ್ಕರು. ಕರೆಂಟ್ ಹೋದರೆ ನೆಟ್ ಹೋಗುತ್ತದೆ, ಬಂದರೆ ಬರಬೇಕಲ್ಲ? 1,720 ಮೆಗಾವ್ಯಾಟ್‌ನ ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇಟ್ಟುಕೊಂಡು ಕರೆಂಟಿನ ಮಾತಾಡುವುದು ರಾಯಚೂರಿನವರಿಗೆ ಹಳೆಯ ಚೇಷ್ಟೆ, ಅದೂ ಒಂದಿಷ್ಟು ನಡೆಯಿತು. ನನಗೆ ಮಾತ್ರ ಗುಮಾಸ್ತರ ಮಾತು ತಲೆಯಲ್ಲಿ ಕೂತಿತು. ಉಳಿದ ಇಬ್ಬರು ಹೇಳಿದ್ದು ಊಹೆ, ಇವರು ಹೇಳಿದ್ದು ಕಣ್ಣಾರೆ ಕಂಡದ್ದು.

ಮೊದಲು ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಕೂಡುವ ನೆಟ್‌ವರ್ಕ್ ಸ್ವಿಚ್ ನೋಡಿದೆ. ಗೋಡೆಗೆ ಹೊಡೆದ ಕಟ್ಟಿಗೆಯ ಡಬ್ಬಿಯಲ್ಲಿ 16 ಪೋರ್ಟಿನ ಸ್ವಿಚ್. ಬಾಗಿಲು ತೆಗೆದರೆ ಒಳಗೆಲ್ಲ ಹತ್ತಿಯ ನವಿರು. ಖಾಲಿ ಪೋರ್ಟುಗಳ ಬಾಯಿಯಲ್ಲಿ ಬಿಳಿ ಉಂಡೆ ತುಂಬಿಕೊಂಡಿತ್ತು, ಗಾಳಿ ಆಡುವ ಕಿಂಡಿಗಳು ಮುಚ್ಚಿಹೋಗಿದ್ದವು, ಮೇಲ್ಮೈ ಕೈ ಸುಡುವಷ್ಟಲ್ಲದಿದ್ದರೂ ಬಿಸಿ ಇತ್ತು. ಜಿನ್ನಿಂಗ್ ಮಿಲ್ಲಿನ ಕಂಪ್ಯೂಟರ್ ಬಿಚ್ಚಿದವರಿಗೆ ಇದು ಹೊಸದಲ್ಲ. ಪವರ್ ಸಪ್ಲೈ ಒಳಗೆ ಒಂದು ದಿಂಬಿಗಾಗುವಷ್ಟು ಹತ್ತಿ ಸಿಗುತ್ತದೆ. ಆದರೆ ಕೇಬಲ್ ಇದ್ದ ಎಲ್ಲ ಪೋರ್ಟಿಗೂ ಹಸಿರು ದೀಪ ಮಿನುಗುತ್ತಿತ್ತು. ದೀಪ ಇದೆಯೆಂದರೆ ತಂತಿ ಆ ತುದಿಯ ತನಕ ಜೀವಂತ ಇದೆ. ಇಲಿಯ ವಾದ ಅಲ್ಲಿಗೆ ಬಿತ್ತು. ಈ ಸ್ವಿಚ್ಚನ್ನೂ ಹಿಂದೆ ಬಂದ ಯಾರೋ ಹೊಸದಾಗಿ ಹಾಕಿಹೋಗಿದ್ದರಂತೆ, ತೊಂದರೆ ಹಾಗೇ ಉಳಿದಿತ್ತು.

ಆಮೇಲೆ ಗುಮಾಸ್ತರ ಕಂಪ್ಯೂಟರಿನ ಮುಂದೆ ಕೂತೆ. ಕಮಾಂಡ್ ಹೊಡೆಯುವ ಕಪ್ಪು ಕಿಟಕಿ ತೆರೆದು ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್, ಜೊತೆಗೆ ಸ್ಲ್ಯಾಶ್ ಆಲ್. ಸ್ಲ್ಯಾಶ್ ಆಲ್ ಬಿಟ್ಟು ಬರೀ ಐಪಿಕಾನ್ಫಿಗ್ ಹೊಡೆದು ತೃಪ್ತರಾಗುವ ಹುಡುಗರನ್ನು ತುಂಬಾ ನೋಡಿದ್ದೇನೆ. ಅದರಲ್ಲಿ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ನಂಬರು, ಬರುತ್ತದೆ, ಹೊರಹೋಗುವ ಬಾಗಿಲಾದ ಗೇಟ್‌ವೇ ಬರುತ್ತದೆ, ಆದರೆ ಆ ಐಪಿಯನ್ನು ಕೊಟ್ಟವರು ಯಾರು ಅನ್ನುವ ಸಾಲು ಬರುವುದಿಲ್ಲ. ನನಗೆ ಬೇಕಿದ್ದುದು ಆ ಸಾಲೇ.

ಐಪಿ 192.168.0.104. ಗೇಟ್‌ವೇ 192.168.0.1. ಡಿಎಚ್‌ಸಿಪಿ ಸರ್ವರ್, ಅಂದರೆ ಐಪಿ ಕೊಟ್ಟದ್ದು, ಅದೇ 192.168.0.1.

ಪಕ್ಕದ ಮೇಜಿನ ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿತ್ತು. ಅದರದ್ದು 192.168.1.107, ಗೇಟ್‌ವೇ ಮತ್ತು ಡಿಎಚ್‌ಸಿಪಿ ಸರ್ವರ್ ಎರಡೂ 192.168.1.1. ಫೈಬರ್ ಕನೆಕ್ಷನ್ ಜೊತೆ ಬಂದ ದೊಡ್ಡ ರೂಟರಿನ ಬೆನ್ನಿಗೆ ಹಚ್ಚಿದ ಚೀಟಿಯಲ್ಲೂ 192.168.1.1 ಅಂತಲೇ ಇತ್ತು. ಟ್ಯಾಲಿ ಸರ್ವರಿನದ್ದು 192.168.1.10.

ಒಂದೇ ಸ್ವಿಚ್ಚಿಗೆ ಕೂತ ಎರಡು ಕಂಪ್ಯೂಟರುಗಳ ಐಪಿಯಲ್ಲಿ ಮೂರನೇ ಅಂಕಿ ಬೇರೆ ಬೇರೆ. ಸಬ್‌ನೆಟ್ ಮಾಸ್ಕ್ 255.255.255.0 ಇದ್ದಾಗ ಮೊದಲ ಮೂರು ಅಂಕಿ ಕೂಡಿ ಬಂದರೆ ಮಾತ್ರ ಒಂದು ಓಣಿ. ಇಲ್ಲದಿದ್ದರೆ ಮಾತು ಗೇಟ್‌ವೇ ದಾಟಿ ಹೋಗಬೇಕು, ಇಲ್ಲಿ ಆ ಗೇಟ್‌ವೇ ಯಾವುದು ಅಂತಲೇ ಯಾರಿಗೂ ಗೊತ್ತಿಲ್ಲ. ನೆಟ್ ಕಂಪನಿಯ ತಪ್ಪೂ ಇದಲ್ಲ ಅಂತ ಅಲ್ಲಿಗೆ ತಿಳಿಯಿತು.

ಸಾವ್ಕಾರರಿಗೆ ಹೇಳಿದೆ: “ನಿಮ್ಮ ಆಫೀಸಿನಾಗ ಐಪಿ ಹಂಚೋರು ಇಬ್ಬರು ಇದಾರ್ರಿ.”

“ಇಬ್ಬರು ಹೆಂಗ? ಒಂದೇ ಕನೆಕ್ಷನ್ ಅದ.”

“ಎಪಿಎಂಸಿ ಗೇಟಿನಾಗ ಲಾಟ್ ನಂಬರ್ ಕೊಡೋ ಹುಡುಗ ಒಬ್ಬ ಇರ್ತಾನಲ್ರಿ. ಅವನ ಬಾಜೂಕ ಇನ್ನೊಬ್ಬ ಬಂದು ಕೂತು ತಂದೇ ನಂಬರ್ ಕೊಡಾಕ ನಿಂತ್ರ? ರೈತಗ ಏನ್ ಗೊತ್ತು. ಯಾರ್ ಮೊದಲು ಚೀಟಿ ಕೊಟ್ರು ಅವರ ಕಡೆ ತಗೊಂತಾನ. ಟೆಂಡರಿನಾಗ ಆ ಲಾಟೇ ಕಾಣಂಗಿಲ್ಲ.”

ಇಷ್ಟು ಹೇಳಿದ್ದೇ ಅವರಿಗೆ ಪೂರ್ತಿ ಹೊಳೆಯಿತು, ವ್ಯಾಪಾರದವರು. ಡಿಎಚ್‌ಸಿಪಿ ನಡೆಯುವುದೇ ಹಾಗೆ. ಕಂಪ್ಯೂಟರ್ ‘ಯಾರಾದ್ರೂ ಐಪಿ ಕೊಡ್ರಪ್ಪಾ’ ಅಂತ ಇಡೀ ನೆಟ್‌ವರ್ಕಿಗೆ ಕೂಗು ಹಾಕುತ್ತದೆ, ಕೇಳಿಸಿಕೊಂಡ ರೂಟರ್ ‘ಇದು ತಗೋ’ ಅನ್ನುತ್ತದೆ, ಕಂಪ್ಯೂಟರ್ ‘ಅದೇ ಇರಲಿ’ ಅಂದರೆ ರೂಟರ್ ಖಾಯಂ ಮಾಡುತ್ತದೆ. ಕೊಡುವವನಿಗೆ ಕೊಡುವ ಅಧಿಕಾರ ಇದೆಯೇ ಅಂತ ಕೇಳುವ ಪದ್ಧತಿ ನಮ್ಮ ಆಫೀಸುಗಳಲ್ಲಿ ಎಲ್ಲೂ ಇಲ್ಲ. ಈಗಲೂ ಚಾಲ್ತಿಯಲ್ಲಿರುವ ಈ ನಿಯಮಾವಳಿ, ಆರ್‌ಎಫ್‌ಸಿ 2131, ಬಂದದ್ದು 1997ರಲ್ಲಿ. ಅದೇ ಒಪ್ಪಿಕೊಂಡಿರುವಂತೆ ಡಿಎಚ್‌ಸಿಪಿ ಸಾಕಷ್ಟು ಅಭದ್ರ. ದೊಡ್ಡ ಕಂಪನಿಗಳು ಮ್ಯಾನೇಜ್ಡ್ ಸ್ವಿಚ್ ಹಾಕಿ, ಇಂಥ ಪೋರ್ಟಿನಿಂದ ಬಂದ ಐಪಿಯನ್ನು ಮಾತ್ರ ನಂಬು ಅಂತ ಕಟ್ಟುಮಾಡುತ್ತವೆ. ಜಿನ್ನಿಂಗ್ ಮಿಲ್ಲಿನ ಆಫೀಸಿಗೆ ಆ ಬೆಲೆಯ ಸ್ವಿಚ್ ಕೊಡಿಸುವ ಧೈರ್ಯ ನನಗಂತೂ ಇಲ್ಲ.

ಈಗ ಎರಡನೆಯವನನ್ನು ಹುಡುಕಬೇಕು. ಗುಮಾಸ್ತರ ಕಂಪ್ಯೂಟರ್ ಆ ಓಣಿಯಲ್ಲೇ ಇದ್ದುದು ಒಳ್ಳೆಯದಾಯಿತು. ರೀಸ್ಟಾರ್ಟ್ ಮಾಡಿದ್ದರೆ ಆ ದಾರಿ ಕೈತಪ್ಪುವ ಸಂಭವವಿತ್ತು. ಬ್ರೌಸರಿನಲ್ಲಿ 192.168.0.1 ಹೊಡೆದರೆ ಮನೆಗಳಲ್ಲಿ ಬಳಸುವ ಸಾದಾ ವೈಫೈ ರೂಟರಿನ ಲಾಗಿನ್ ಪುಟ ಬಂತು. ಅಂದರೆ ಇದೇ ಕಾಂಪೌಂಡಿನೊಳಗೆ ಎಲ್ಲೋ ಒಂದು ಕಡೆ ಕೂತಿದೆ. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. “ನಮ್ಮಲ್ಲಿ ಇನ್ನೊಂದು ರೂಟರೇ ಇಲ್ಲ” ಅಂತ ಆಫೀಸಿನ ಹುಡುಗ ಆಣೆ ಮಾಡುವ ಮಟ್ಟಕ್ಕೆ ಹೋದ.

ಇಂಥದ್ದಕ್ಕೆ ಬುದ್ಧಿಗಿಂತ ಕೈ ಕೆಲಸವೇ ಬೇಗ. ಗುಮಾಸ್ತರ ಕಂಪ್ಯೂಟರಿನಲ್ಲಿ 192.168.0.1ಕ್ಕೆ ‘ಇದ್ದೀಯಾ’ ಅಂತ ಕೇಳುತ್ತಲೇ ಇರುವ ನಿಲ್ಲದ ಪಿಂಗ್ ಹಚ್ಚಿದೆ, ಪಿಂಗ್ ಕೊನೆಗೆ ಮೈನಸ್ ಟಿ. ಪರದೆಯ ಮೇಲೆ ‘ರಿಪ್ಲೈ ಫ್ರಮ್’ ಅಂತ ಸಾಲು ಸಾಲು ಉರುಳುತ್ತಿತ್ತು. ಗುಮಾಸ್ತರನ್ನು ಅದರ ಮುಂದೆ ಕೂರಿಸಿ, ಬರುವುದು ನಿಂತರೆ ಕೂಗ್ರಿ ಅಂದೆ. ನಾನು ಸ್ವಿಚ್ಚಿನ ಹತ್ತಿರ ಹೋಗಿ ಒಂದೊಂದೇ ಕೇಬಲ್ ಕಿತ್ತು, ಕ್ಷಣ ಬಿಟ್ಟು, ಮತ್ತೆ ಚುಚ್ಚುತ್ತಾ ಬಂದೆ. ಯಾವುದಕ್ಕೂ ಹೆಸರು ಬರೆದಿರಲಿಲ್ಲ. ಸರ್ವರಿನದ್ದು ಕಿತ್ತಾಗ ಒಳಗಿನಿಂದ ಯಾರೋ ಬೈದರು. ಕೆಳಸಾಲಿನ ಮಾಸಿದ ಬೂದು ಬಣ್ಣದ ಕೇಬಲ್ ಕಿತ್ತದ್ದೇ ತಡ, “ನಿಂತ್ವು ನಿಂತ್ವು! ಟೈಮ್ಡ್ ಔಟ್ ಅಂತ ಬರಕತ್ತದ!” ಅಂತ ಗುಮಾಸ್ತರು ಮಿಲ್ಲಿನ ಸದ್ದಿನ ಮೇಲೂ ಕೇಳಿಸುವಂತೆ ಕೂಗಿದರು.

ಆ ಬೂದು ಕೇಬಲ್ ಹಿಡಿದು ನಡೆದರೆ ಅದು ಗ್ರೇಡಿಂಗ್ ಕೋಣೆಯ ಗೋಡೆ ಗುಂಟ ಹಾದು, ಕಿಟಕಿಯ ಮೂಲೆಯ ತೂತಿನಿಂದ ಹೊರಗೆ ಬಿದ್ದು, ಹಿಂದಿನ ಗೆಸ್ಟ್ ರೂಮಿಗೆ ಹೋಗುತ್ತಿತ್ತು. ಮಾಲು ನೋಡಲು ಕೊಯಮತ್ತೂರು ಕಡೆಯಿಂದ ಬರುವ ಖರೀದಿದಾರರು ಇಳಿದುಕೊಳ್ಳುವ ಕೋಣೆ. ಅಲ್ಮಾರಿಯ ಮೇಲೆ, ಹಳೆಯ ಕ್ಯಾಲೆಂಡರುಗಳ ಹಿಂದೆ, ಎರಡು ಆಂಟೆನಾದ ಬಿಳಿ ರೂಟರ್ ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು.

“ಓ ಅದಾ!” ಅಂದರು ಸಾವ್ಕಾರರು. “ನಮ್ಮ ಹುಡುಗ ಹಚ್ಯಾನ್ರಿ, ಮನ್ಯಾಗಿನ ಹಳೇದು. ಬಂದ ಮಂದಿ ವೈಫೈ ಕೇಳ್ತಾರ. ಅದು ಚಲೋ ನಡೀತದಲ್ರಿ.”

ಚಲೋ ನಡೆಯುತ್ತಿತ್ತು, ಅದಕ್ಕೇ ಅದರ ಮೇಲೆ ಯಾರಿಗೂ ಸಂಶಯ ಬಂದಿರಲಿಲ್ಲ. ಕೇಬಲ್ಲನ್ನು ಹೊರಗಿನ ನೆಟ್ ಬರುವ ನೀಲಿ ಬಣ್ಣದ ವ್ಯಾನ್ ಪೋರ್ಟಿಗೆ ಹಾಕುವ ಬದಲು ಒಳಗಿನ ಕಂಪ್ಯೂಟರುಗಳಿಗೆ ಇರುವ ಹಳದಿ ಲ್ಯಾನ್ ಪೋರ್ಟಿಗೆ ಹಾಕಿದ್ದರು. ಹಾಗೆ ಹಾಕಿದಾಗ ಆ ರೂಟರ್ ಇಡೀ ಆಫೀಸಿನ ಸ್ವಿಚ್ಚಿನ ಜೊತೆ ಒಂದಾಗಿಬಿಡುತ್ತದೆ. ಗೆಸ್ಟ್ ರೂಮಿನ ಫೋನು ಐಪಿ ಕೇಳಿದಾಗ ದೊಡ್ಡ ರೂಟರ್ ಉತ್ತರ ಕೊಟ್ಟರೆ ನೆಟ್ ಜೋರಾಗಿ ನಡೆಯುತ್ತದೆ. ಸಣ್ಣದು ಉತ್ತರ ಕೊಟ್ಟರೆ ನೆಟ್ ಇಲ್ಲ. ಜನ ವೈಫೈ ಆಫ್ ಮಾಡಿ ಆನ್ ಮಾಡುತ್ತಾರೆ, ಬರುತ್ತದೆ, ಮರೆಯುತ್ತಾರೆ. ಅದೇ ರೂಟರ್ ಅದೇ ಕೇಬಲ್ ಮೂಲಕ ಆಫೀಸಿನ ಕಂಪ್ಯೂಟರುಗಳಿಗೂ ಐಪಿ ಹಂಚುತ್ತಿತ್ತು, ಹೊರಗೆ ಹೋಗಲು ತನಗೇ ದಾರಿ ಇಲ್ಲದಿದ್ದರೂ.

ಇನ್ನು ಗುಮಾಸ್ತರ ಕರೆಂಟಿನ ಮಾತು. ಅದೇ ಈ ಕೇಸಿನಲ್ಲಿ ನನಗೆ ಅತ್ಯಂತ ರುಚಿಸಿದ ಭಾಗ. ಆಫೀಸಿನ ಪ್ರತಿ ಕಂಪ್ಯೂಟರಿಗೂ ಸಣ್ಣ ಯುಪಿಎಸ್ ಇದೆ. ಸ್ವಿಚ್ಚಿಗಿಲ್ಲ, ರೂಟರುಗಳಿಗಿಲ್ಲ. ಕರೆಂಟ್ ಹೋಗಿ ಜನರೇಟರ್ ಎತ್ತಿಕೊಳ್ಳುವ ಆ ಅರೆಗಳಿಗೆಯಲ್ಲಿ ಕಂಪ್ಯೂಟರುಗಳು ನಡೆದೇ ಇರುತ್ತವೆ, ಸ್ವಿಚ್ ಮತ್ತು ಎರಡೂ ರೂಟರ್ ಸತ್ತು ಹುಟ್ಟುತ್ತವೆ. ಕೇಬಲ್ ಬಿಟ್ಟು ಮತ್ತೆ ಕೂತಿತು ಅಂತ ಗೊತ್ತಾದ ಕೂಡಲೇ ವಿಂಡೋಸ್ ತನ್ನ ಹಳೆಯ ಐಪಿ ಇನ್ನೂ ನಡೆಯುತ್ತದೆಯೇ ಅಂತ ಕೇಳುತ್ತದೆ. ಫೈಬರಿನ ದೊಡ್ಡ ರೂಟರಿಗೆ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಅಲ್ಮಾರಿ ಮೇಲಿನದ್ದಕ್ಕೆ ಅರ್ಧ ನಿಮಿಷ ಸಾಕು. ಕೇಳುವ ಹೊತ್ತಿಗೆ ಎಚ್ಚರ ಇರುವುದು ಅದೊಂದೇ. ‘1.107ಆ? ಅಂಥ ಐಪಿ ಇಲ್ಲಿ ನಡೆಯುವುದಿಲ್ಲ, ಇದು ತಗೋ’ ಅಂತ ತನ್ನದನ್ನು ಕೊಟ್ಟುಬಿಡುತ್ತದೆ. ಯಾವ ಕಂಪ್ಯೂಟರ್ ಯಾವ ಕ್ಷಣಕ್ಕೆ ಕೇಳಿತು ಅನ್ನುವುದರ ಮೇಲೆ ಒಬ್ಬರದು ಹೋಗುತ್ತದೆ, ಪಕ್ಕದವರದು ಉಳಿಯುತ್ತದೆ. ಹೋದದ್ದು ತಾನಾಗಿ ತಿರುಗಿ ಬರುವುದೂ ಕಷ್ಟ; ಐಪಿ ಕೊಡುವುದು ಒಂದು ಅವಧಿಗೆ ಮಾತ್ರ, ಅದರ ಅರ್ಧ ಮುಗಿದು ನವೀಕರಿಸುವಾಗ ಕಂಪ್ಯೂಟರ್ ಮೊದಲು ಕೇಳುವುದು ಕೊಟ್ಟವನನ್ನೇ.

“ಮತ್ತ ನಾ ಏನ್ ಅಂದಿದ್ದೆ?” ಅಂತ ಗುಮಾಸ್ತರು ಎಲೆಕ್ಟ್ರಿಷಿಯನ್ ಕಡೆ ನೋಡಿದರು. ಅವನು ಇಲಿ ಬೋನು ತರಲು ಆಗಲೇ ಹುಡುಗನನ್ನು ಕಳಿಸಿದ್ದ.

ಗೆಸ್ಟ್ ರೂಮಿನ ಕೇಬಲ್ಲನ್ನು ನೀಲಿ ಪೋರ್ಟಿಗೆ ಬದಲಿಸಿದೆ, ಕೆಲಸ ಮುಗಿದೇಹೋಯಿತು. ವ್ಯಾನ್ ಕಡೆಯಿಂದ ಬಂದಾಗ ಆ ರೂಟರ್ ತನ್ನ ವೈಫೈ ಫೋನುಗಳಿಗೆ ಮಾತ್ರ ಐಪಿ ಹಂಚುತ್ತದೆ, ಆಫೀಸಿನ ಕಡೆ ಬಾಯಿ ತೆರೆಯುವುದಿಲ್ಲ. ಆದರೆ ಇದರಿಂದ ಬಂದವರ ಫೋನುಗಳು ಆಫೀಸಿನಿಂದ ಬೇರೆಯಾದವು ಅಂತ ತಿಳಿಯಬಾರದು. ಅವುಗಳ ಮಾತು ಹೊರಗೆ ಹೋಗುವ ದಾರಿಯೇ ಆಫೀಸಿನ ನೆಟ್‌ವರ್ಕ್. ಬೇಕೆಂದವರು ಅಲ್ಲಿಂದ 192.168.1.10 ತಟ್ಟಬಹುದು. ದೊಡ್ಡ ರೂಟರಿನ ಗೆಸ್ಟ್ ವೈಫೈ ಬಳಸೋಣ ಅಂದರೆ ಅದರ ಸಿಗ್ನಲ್ ಆ ಕೋಣೆಯ ತನಕ ಮುಟ್ಟುವುದಿಲ್ಲ. “ಅವರು ನಮ್ಮ ಟ್ಯಾಲಿ ನೋಡಿ ಏನ್ ಮಾಡ್ತಾರ ಬಿಡ್ರಿ” ಅಂದರು ಸಾವ್ಕಾರರು. ನಿಮ್ಮಿಂದ ಹತ್ತಿ ಕೊಳ್ಳುವವರು ನಿಮ್ಮ ಖರೀದಿ ರೇಟು ನೋಡಿ ಏನು ಮಾಡುತ್ತಾರೆ ಅಂತ ಕೇಳಿದೆ. ಟ್ಯಾಲಿ ಡೇಟಾ ಫೋಲ್ಡರನ್ನು ‘ಎಲ್ಲರಿಗೂ’ ಅಂತ ತೆರೆದಿಟ್ಟಿದ್ದರು. ಅದನ್ನು ತೆಗೆದು, ಲೆಕ್ಕದವರಿಗೆ ಮಾತ್ರ ಹೆಸರು, ಪಾಸ್‌ವರ್ಡ್ ಮಾಡಿಸಿದ ಮೇಲೆ ನನಗೆ ಸಮಾಧಾನ ಆಯಿತು.

ಕ್ಯಾಶ್ ಕೌಂಟರಿನದ್ದು ಇನ್ನೂ ಬಾಕಿ ಇತ್ತು. ಅಲ್ಲಿ ಐಪಿ ಸರಿಯಾಗಿ 1ರ ಓಣಿಯದೇ ಇತ್ತು, ಹೊರಗಿನ ಇಂಟರ್ನೆಟ್ಟಿನಲ್ಲಿರುವ 8.8.8.8ಕ್ಕೆ ಪಿಂಗ್ ಕೂಡ ಹೋಗುತ್ತಿತ್ತು. ಆದರೂ ಒಂದು ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ಅಂಕಿಗೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಅಂದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ನೋಡಬೇಕು. ಡಿಎನ್‌ಎಸ್ ಜಾಗದಲ್ಲಿ ಯಾರೋ ಕೈಯಿಂದ 192.168.0.1 ಬರೆದಿದ್ದರು. ಹಿಂದೆ ಬಂದವರು ಪಕ್ಕದ ಕೆಟ್ಟ ಕಂಪ್ಯೂಟರಿನಲ್ಲಿ ಕಂಡದ್ದನ್ನೇ ಇಲ್ಲಿ ನಕಲು ಮಾಡಿರಬೇಕು. ಆಟೋಮ್ಯಾಟಿಕ್ ಮಾಡಿದೆ, ಬಂತು.

ಗೇಟಿನ ಬಳಿ ಗಾಡಿ ತೂಗುವ ಕಾಟಾ ರೂಮಿನ ಕಂಪ್ಯೂಟರಿನಲ್ಲಿ ಬೇರೆಯದೇ ಗೋಳು, ಆಗಾಗ ಐಪಿ ಕಾನ್‌ಫ್ಲಿಕ್ಟ್ ಅಂತ ತೋರಿಸುತ್ತಿತ್ತು. ಅದಕ್ಕೆ ಕೈಯಿಂದ 192.168.1.5 ಕಟ್ಟಿದ್ದರು. ಆದರೆ ದೊಡ್ಡ ರೂಟರ್ 1.2ರಿಂದಲೇ ಹಂಚಲು ಶುರುಮಾಡುತ್ತಿತ್ತು. 5 ಒಬ್ಬರಿಗೆ ಕೊಟ್ಟಾಗಿದೆ ಅಂತ ಅದಕ್ಕೆ ಹೇಳಿದವರಿಲ್ಲ. ಯಾರದ್ದೋ ಫೋನಿಗೆ 5 ಹೋದ ದಿನ ಕಾಟಾ ನಿಲ್ಲುತ್ತಿತ್ತು, ಗಾಡಿಗಳು ನಿಲ್ಲುತ್ತಿದ್ದವು. ನೆಟ್ ಸರಿಹೋಗುತ್ತಿಲ್ಲ ಅಂದಾಗ ಎಲ್ಲದಕ್ಕೂ ಕೈಯಿಂದ ಐಪಿ ಕಟ್ಟಿಹೋಗುವ ಈ ಚಾಳಿ ನನಗೆ ಹಿಡಿಸುವುದಿಲ್ಲ. ಆ ಹೊತ್ತಿಗೆ ನಡೆಯುತ್ತದೆ, ಆರು ತಿಂಗಳ ಮೇಲೆ ಬಂದವನಿಗೆ ತಲೆಬುಡ ತಿಳಿಯುವುದಿಲ್ಲ. ರೂಟರಿನಲ್ಲಿ ಹಂಚುವ ಸಾಲನ್ನು 100ರಿಂದ 199ರ ತನಕ ಮಾಡಿ, ಅದರ ಹೊರಗೆ ಸರ್ವರಿಗೆ 10, ಪ್ರಿಂಟರಿಗೆ 11, ಕಾಟಾಕ್ಕೆ 12 ಕೊಟ್ಟು, ಉಳಿದವನ್ನೆಲ್ಲ ಆಟೋಮ್ಯಾಟಿಕ್‌ಗೆ ಬಿಟ್ಟೆ.

ಮೂರು ಮೇಜಿನವರು ಹೇಳಿದ್ದು ‘ನೆಟ್ ಇಲ್ಲ’ ಅಂತಲೇ. ಒಂದಕ್ಕೆ ತಪ್ಪು ಓಣಿ, ಇನ್ನೊಂದಕ್ಕೆ ತಪ್ಪು ಡಿಎನ್‌ಎಸ್, ಮತ್ತೊಂದಕ್ಕೆ ಜೋಡಿ ಐಪಿ.

ಸರಿಯಾಯಿತು ಅಂತ ಹೇಳಿ ಹೊರಡುವ ಮುಂಚೆ ಮೇನ್ ಸ್ವಿಚ್ ಇಳಿಸಿ ಅಂದೆ. ಸಾವ್ಕಾರರಿಗೆ ಮನಸ್ಸಿರಲಿಲ್ಲ, ಜಿನ್ ಯಂತ್ರಗಳು ನಡೆದಿದ್ದವು. ಕೊನೆಗೆ ಆಫೀಸಿನ ಲೈನಷ್ಟೇ ಇಳಿಸಿದರು. ಒಂದಿಷ್ಟು ಹೊತ್ತು ಬಿಟ್ಟು ಎತ್ತಿದರು. ಮೇಜಿಂದ ಮೇಜಿಗೆ ಹೋಗಿ ನೋಡಿದೆ: ದೊಡ್ಡ ರೂಟರ್ ಏಳುವ ತನಕ ಎಲ್ಲರದೂ ಬಂದ್, ಎದ್ದ ಮೇಲೆ ಎಲ್ಲರದೂ 1ರ ಓಣಿ, ಗುಮಾಸ್ತರ ಟ್ಯಾಲಿ ಸಮೇತ. ಇನ್ನೊಮ್ಮೆ ಇಳಿಸಲು ಹೇಳಿದೆ, ಅದೇ ಫಲ. ಆದರೂ ಪ್ರತಿ ಸಲ ಎರಡು ಮೂರು ನಿಮಿಷ ಇಡೀ ಆಫೀಸು ಕೈಕಟ್ಟಿ ಕೂರುವುದು ಯಾಕೆ? ಸ್ವಿಚ್ಚಿಗೂ ದೊಡ್ಡ ರೂಟರಿಗೂ ಸೇರಿ ಒಂದು ಸಣ್ಣ ಯುಪಿಎಸ್ ತರಿಸಲು ಬರೆದುಕೊಟ್ಟೆ. ಸ್ವಿಚ್ಚಿನ ಧೂಳನ್ನು ಬ್ಲೋವರಿನಿಂದ ಊದಿಸಿ, ಕೇಬಲ್ಲುಗಳಿಗೆ ಕಾಗದದ ಟೇಪ್ ಸುತ್ತಿ ಯಾವುದು ಯಾರದು ಅಂತ ಬರೆಸಿದೆ. ಆಫೀಸಿನ ಹುಡುಗನ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು.

ಕಾಟಾ ರೂಮು ಮಾತ್ರ ಪೂರ್ತಿ ಸರಿಹೋಗಿಲ್ಲ. ಐಪಿ ಜಗಳ ನಿಂತಿದೆ, ಆದರೆ ಅಲ್ಲಿಗೆ ಎಳೆದ ತಾಮ್ರದ ಕೇಬಲ್ ಆಫೀಸಿನಿಂದ ಗೇಟಿನ ತನಕ ಅಂಗಳ ಸುತ್ತಿ ಹೋಗಿದೆ, 100 ಮೀಟರಿನ ಮಿತಿ ದಾಟಿದ್ದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ಪಿಂಗ್ ಹಚ್ಚಿದರೆ ನಡುನಡುವೆ ಒಂದೊಂದು ಸಾಲು ಬೀಳುತ್ತದೆ. ಅಲ್ಲಿಗೆ ಫೈಬರ್ ಎಳೆದು ಎರಡೂ ತುದಿಗೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಬೇಕು. ಅಂಗಳದಲ್ಲಿ ಹತ್ತಿಯ ರಾಶಿ ಇರುವ ತನಕ ಅಗೆಯಲು ಬಿಡುವುದಿಲ್ಲ ಅಂದಿದ್ದಾರೆ ಸಾವ್ಕಾರರು. ಸೀಸನ್ ಮುಗಿದ ಮೇಲೆ ರೇಟು ಮಾತಾಡಬೇಕು.